ಅಟ್ಟಕ್ಕೆ ಹೊರಟ ನೂಲಿನ ಗಂಟು

ಪ್ರಶ್ನೆ: ನಾನು 29 ವರ್ಷದ ಯುವಕ. ಹುಬ್ಬಳ್ಳಿಯಲ್ಲಿ ಕೆಲಸ. ಹನ್ನೆರಡನೇ ವಯಸ್ಸಿನಲ್ಲಿ ಕಾಮಾಲೆಯಾಗಿ ಮಲಗಿದ್ದಾಗ ಅಜ್ಜಿ ಕ್ರೋಶಾ (ಕೊಕ್ಕೆಕಡ್ಡಿಯ ಹೆಣಿಗೆ) ಕಲಿಸಿದರು. ಅಂದಿನಿಂದ ಬಿಟ್ಟಿಲ್ಲ. ಮನೆಯ ಬಾಗಿಲ ತೋರಣ ನಾನು ಹೆಣೆದದ್ದು. ಬಂದವರು ಕೇಳಿದರೆ ಅಮ್ಮ 'ಮಗಳು ಮಾಡಿದ್ದು' ಎನ್ನುತ್ತಾರೆ. ಹೋದ ತಿಂಗಳು ನನ್ನ ನಿಶ್ಚಿತಾರ್ಥವಾಯಿತು. ದಾರ, ಕಡ್ಡಿ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕು, ಬೀಗರು ಏನಂದುಕೊಂಡಾರು ಎಂದು ಅಮ್ಮನ ಹಟ. ಅಕ್ಕನ ಕೂಸಿಗೆ ಹೆಣೆಯುತ್ತಿದ್ದ ಕುಲಾವಿಯೂ ಅರ್ಧಕ್ಕೆ ನಿಂತಿದೆ. ಹುಡುಗಿಗೆ ಹೇಳಲೇ, ಸುಮ್ಮನಿರಲೇ? – ಹೆಸರು ಬೇಡ

ಉತ್ತರ: ಬಾಗಿಲಲ್ಲಿ ತೂಗುವ ತೋರಣ ನಿಮ್ಮದು, ಹೆಸರು ಅಕ್ಕನದು. ಇಷ್ಟು ವರ್ಷ ಇದನ್ನು ನುಂಗಿಕೊಂಡಿದ್ದೀರಿ. ಓದಿ ನನಗೆ ಬೇಜಾರಾಯಿತು.

ಹುಡುಗಿಗೆ ಹೇಳಿ. ಈ ವಾರವೇ ಹೇಳಿ. ಆದರೆ ತಪ್ಪು ಒಪ್ಪಿಕೊಳ್ಳುವವರ ದನಿ ಬೇಡ. 'ಒಂದು ವಿಷಯ ಹೇಳಬೇಕಿತ್ತು, ಬೇಜಾರು ಮಾಡ್ಕೋಬೇಡಿ' ಎಂದು ಶುರು ಮಾಡಿದರೆ ಆ ಕಡೆ ಎದೆ ಧಸಕ್ಕೆನ್ನುತ್ತದೆ. ಸಾಲವೋ, ಹಳೆಯ ಪ್ರೀತಿಯೋ ಎಂದು ಏನೇನೋ ಯೋಚನೆ ಬರುತ್ತದೆ. ತೋರಣದ ಫೋಟೊ ಕಳಿಸಿ, 'ಇದು ನಾನು ಹೆಣೆದದ್ದು, ಅಜ್ಜಿ ಕಲಿಸಿದ್ದು' ಎನ್ನಿ. ಕಾಮಾಲೆಯ ಕಥೆಯನ್ನೂ ಹೇಳಿ. ಮೊದಲು ನಕ್ಕರೆ ಕುಗ್ಗಬೇಡಿ, ಅಚ್ಚರಿಗೂ ನಗು ಬರುತ್ತದೆ. ಎರಡು ದಿನ ಬಿಟ್ಟು ಆಕೆ ತಾನಾಗಿ ಏನು ಕೇಳುತ್ತಾರೆ ನೋಡಿ.

'ಮದುವೆ ಆದ ಮೇಲೆ ಬಿಟ್ಟುಬಿಡಿ' ಎಂದರೆ? ಸುಮ್ನೆ ಹ್ಞೂಂ ಅನ್ನಬೇಡಿ. ಹದಿನೇಳು ವರ್ಷದಿಂದ ಕೈಗೆ ಅಂಟಿದ್ದನ್ನು ಬಿಡುತ್ತೇನೆ ಎಂದು ಮಾತು ಕೊಟ್ಟರೆ, ಆಮೇಲೆ ಕದ್ದು ಹೆಣೆಯಬೇಕಾಗುತ್ತದೆ. ಯಾಕೆ ಬೇಡ ಎಂದು ಕೇಳಿ. ಎಷ್ಟೋ ಸಲ ಹುಡುಗಿಗೆ ಏನೂ ಅನ್ನಿಸಿರುವುದಿಲ್ಲ, ಅಣ್ಣಂದಿರು, ಸೋದರಮಾವಂದಿರು ನಕ್ಕಾರು ಎಂಬ ಅಳುಕು ಇರುತ್ತದೆ. ಅದನ್ನು ಇಬ್ಬರೂ ಕೂತು ಮಾತಾಡಬಹುದು.

ಆಕೆಯ ಮದುವೆ ಬ್ಲೌಸನ್ನು ಆರಿ ವರ್ಕ್‌ಗೆ ಕೊಟ್ಟಿರಬಹುದು ಅಲ್ವಾ? ಅಂಥ ಅಂಗಡಿಯ ಒಳಕೋಣೆಗೆ ಒಮ್ಮೆ ಹೋಗಿ ನೋಡಿ. ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆಸೂಜಿಯಲ್ಲಿ ಜರಿ, ಮಣಿ ಕೂರಿಸುವವರಲ್ಲಿ ಗಂಡಸರೇ ಜಾಸ್ತಿ. ಕಾಶ್ಮೀರದ ಶಾಲುಗಳ ಸೋಜ್ನಿ ಕಸೂತಿಯೂ ತಲೆಮಾರುಗಳಿಂದ ಹೆಚ್ಚಾಗಿ ಗಂಡಸರ ಕೈಕೆಲಸ. ಅವರನ್ನು ನೋಡಿ ಯಾರೂ ನಗುವುದಿಲ್ಲ, ದುಡಿದು ತಿನ್ನುತ್ತಾರೆ ಎನ್ನುತ್ತಾರೆ. ಅಂಥದ್ದೇ ಕೆಲಸವನ್ನು ಒಬ್ಬ ಇಷ್ಟಪಟ್ಟು ಮಾಡಿದರೆ ಮಾತ್ರ ಅದು ಹೆಂಗಸರ ಕೆಲಸವಾಗಿಬಿಡುತ್ತದೆ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಪೆರು ದೇಶದ ತಿತಿಕಾಕಾ ಸರೋವರದಲ್ಲಿ ತಾಕೀಲೆ ಎಂಬ ದ್ವೀಪವಿದೆ. ಅಲ್ಲಿ ಟೊಪ್ಪಿಗೆ ಹೆಣೆಯುವುದು ಗಂಡಸರ ಕೆಲಸ. ಹುಡುಗರು ಚಿಕ್ಕಂದಿನಲ್ಲೇ ಕಡ್ಡಿ ಹಿಡಿಯುತ್ತಾರೆ. ಆ ದ್ವೀಪದ ನೇಯ್ಗೆ, ಹೆಣಿಗೆಗೆ 2005ರಲ್ಲಿ ಯುನೆಸ್ಕೊ ಮನ್ನಣೆಯೂ ಸಿಕ್ಕಿತು. ಹೆಣ್ಣು ಕೇಳಲು ಬಂದ ಹುಡುಗ ಹೆಣೆದ ಟೊಪ್ಪಿಗೆಗೆ ಮಾವನಾಗುವವರು ನೀರು ಸುರಿದು, ಸೋರದಷ್ಟು ಬಿಗಿಯಾಗಿದೆಯೇ ಎಂದು ನೋಡುತ್ತಿದ್ದರಂತೆ. ನಿಮ್ಮ ಅಮ್ಮ ಬೀಗರಿಂದ ಏನನ್ನು ಬಚ್ಚಿಡಲು ಹೊರಟಿದ್ದಾರೋ, ಅಲ್ಲಿ ಅದನ್ನೇ ನೋಡಿ ಹೆಣ್ಣು ಕೊಡುತ್ತಿದ್ದರು!

ಅಮ್ಮನ ಮೇಲೆ ಸಿಟ್ಟಾಗಬೇಡಿ. ಮಗನನ್ನು ನಾಲ್ಕು ಜನ ಆಡಿಕೊಳ್ಳಬಾರದು ಎಂಬುದಷ್ಟೇ ಅವರ ಹೆದರಿಕೆ. ವಾದ ಬೇಡ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಚಿನ್ನ ಗೆದ್ದ ಬ್ರಿಟನ್ನಿನ ಟಾಮ್ ಡೇಲಿ, 2021ರಲ್ಲಿ ಪ್ರೇಕ್ಷಕರ ಸಾಲಿನಲ್ಲಿ ಕೂತು ಹೆಣೆಯುತ್ತಿದ್ದ ಚಿತ್ರ ತೋರಿಸಿ. ಪದಕಕ್ಕೆ ಗೀರು ಬೀಳದಿರಲಿ ಎಂದು ಅವರು ಅದಕ್ಕೊಂದು ಪುಟ್ಟ ಚೀಲವನ್ನೂ ಹೆಣೆದಿದ್ದರು. ಅಮ್ಮನಿಗೆ ನಗು ಬಂದರೂ ಬರಲಿ.

ಇನ್ನು ಆ ಕುಲಾವಿ. ಅದನ್ನು ಮೊದಲು ಕೈಗೆತ್ತಿಕೊಳ್ಳಿ, ಕೂಸಿನ ತಲೆ ನಿಮ್ಮ ಮದುವೆ ಮುಗಿಯುವ ತನಕ ಕಾಯುವುದಿಲ್ಲ. ಉಲ್ಲನ್ನಿನಲ್ಲಿ ಹಾಕಿದ್ದರೆ ಬಿಚ್ಚಿ, ಮೆತ್ತನೆಯ ಹತ್ತಿ ನೂಲಿನಲ್ಲಿ ಹಾಕಿ, ಹುಬ್ಬಳ್ಳಿ ಬಿಸಿಲಿಗೆ ಅದೇ ಹಿತ. ಕಟ್ಟುವ ದಾರ ಉದ್ದ ಬಿಡಬೇಡಿ, ಕುತ್ತಿಗೆಗೆ ಸುತ್ತಿಕೊಳ್ಳಬಾರದು. ತೊಟ್ಟಿಲಿಗೆ ಹಾಕುವ ದಿನ ಬೀಗರೂ ಬಂದಿರುತ್ತಾರೆ, ಯಾರು ಹೆಣೆದದ್ದು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಹಿಂದಿನ ರಾತ್ರಿಯೇ ಅಮ್ಮನಿಗೆ ಹೇಳಿಟ್ಟಿರಿ: 'ಈ ಸಲ ನನ್ನ ಹೆಸರು ಹೇಳಮ್ಮ.'