ಕ್ರೇಗ್ ಗಾರ್ಡನ್ ಎರಡು ವರ್ಷ ಕ್ಲಬ್ಬೇ ಇಲ್ಲದೆ ಇದ್ದೂ 42ರ ವಯಸ್ಸಿನವರೆಗೆ ಗೋಲ್ ಕಾಯ್ದದ್ದು ಹೇಗೆ?

ಸ್ಕಾಟ್ಲೆಂಡಿನ ಫುಟ್‌ಬಾಲ್ ಗೋಲ್‌ಕೀಪರ್ ಕ್ರೇಗ್ ಗಾರ್ಡನ್ ಅವರ ಕೈಮುರಿತ, ಕಾಲುಮುರಿತ, ಮಂಡಿನೋವು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ‘ಇಷ್ಟಾದ ಮೇಲೂ ಹೇಗೆ ಆಡಿದರು’ ಎಂದು ಕೇಳುವುದುಂಟು. ನನ್ನ ಪ್ರಕಾರ ಇವನ್ನು ಬೇರೆ ಬೇರೆಯಾಗಿಯೇ ನೋಡಬೇಕು. ನೋಡುವವರ ಎದೆ ನಡುಗಿಸಿದ್ದು ಮೂಳೆಮುರಿತಗಳು. ಆದರೆ ಗಾರ್ಡನ್ ಆಟವನ್ನು ಬಹುತೇಕ ಮುಗಿಸಿಯೇಬಿಟ್ಟಿದ್ದು ಮಂಡಿಚಿಪ್ಪಿನ ಕೆಳಗಿನ ಟೆಂಡನ್, ಅಂದರೆ ಚಿಪ್ಪನ್ನು ಕಾಲಿನ ಮೂಳೆಗೆ ಕಟ್ಟುವ ಗಟ್ಟಿ ನಾರು.

ಗಾರ್ಡನ್ ಎಡಿನ್‌ಬರೋದವರು, ಅಲ್ಲಿನ ಹಾರ್ಟ್ಸ್ ಕ್ಲಬ್ಬಿನಲ್ಲಿ ಬೆಳೆದು 2006ರ ಸ್ಕಾಟಿಷ್ ಕಪ್ ಗೆದ್ದವರು. ಮರುವರ್ಷ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕ್ಲಬ್ ಅವರನ್ನು ಕೊಂಡದ್ದು ಸುಮಾರು 90 ಲಕ್ಷ ಪೌಂಡಿಗೆ. ಬ್ರಿಟನ್ನಿನ ಕ್ಲಬ್ಬೊಂದು ಗೋಲ್‌ಕೀಪರ್‌ಗೆ ಅಲ್ಲಿಯವರೆಗೆ ಅಷ್ಟು ಹಣ ಕೊಟ್ಟಿರಲಿಲ್ಲ. 2009ರ ನವೆಂಬರಿನಲ್ಲಿ ಟಾಟನ್‌ಹ್ಯಾಮ್ ತಂಡದ ಆಟಗಾರ ಡೆಫೋ ಜೊತೆ ಡಿಕ್ಕಿಯಾಗಿ ತೋಳು ಮುರಿಯಿತು. ಅಲ್ಲಿಂದ ಎದ್ದು ಬಂದು, 2010ರ ಡಿಸೆಂಬರಿನಲ್ಲಿ ಬೋಲ್ಟನ್ ತಂಡದ ಜ್ಯಾಟ್ ನೈಟ್ ತೀರಾ ಹತ್ತಿರದಿಂದ ಹೊಡೆದ ಚೆಂಡನ್ನು ತಡೆದರು. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗಿನ ಮೊದಲ 20 ವರ್ಷಗಳ ಅತ್ಯುತ್ತಮ ಸೇವ್ (ಗೋಲ್ ತಡೆ) ಎಂದು ಆಯ್ಕೆಯಾದದ್ದು ಅದೇ. ಆ ತುಣುಕು ಸಿಕ್ಕರೆ ಕೈಯನ್ನಲ್ಲ, ಕಾಲನ್ನು ನೋಡಿ. ಡೈವ್ ಶುರುವಾಗುವುದೇ ಚೆಂಡಿನ ಕಡೆಯ ಕಾಲು ನೆಲವನ್ನು ಒದೆಯುವುದರಿಂದ. ಆ ಒದೆತದ ಭಾರವೆಲ್ಲ ಹೋಗಿ ಬೀಳುವುದು ಅದೇ ಟೆಂಡನ್ ಮೇಲೆ.

ಮೂಳೆ ಕೂಡಿಕೊಂಡರೆ ಕೂಡಿಕೊಂಡಿತು. ಟೆಂಡನ್ ಹಾಗಲ್ಲ, ಅದಕ್ಕೆ ರಕ್ತಸಂಚಾರ ಕಡಿಮೆ, ವಾಸಿಯಾಗುವುದು ನಿಧಾನ. ಬರೀ ವಿಶ್ರಾಂತಿ ಕೊಟ್ಟರೆ ನೋವು ಇಳಿಯುತ್ತದೆ, ಜೊತೆಗೆ ಟೆಂಡನ್ನಿನ ತಾಕತ್ತೂ ಇಳಿಯುತ್ತದೆ; ಮೈದಾನಕ್ಕಿಳಿದು ಮೊದಲ ಜಿಗಿತ ಹಾಕಿದಾಗ ನೋವು ಮರಳುತ್ತದೆ. ಇಂಥ ತೊಂದರೆಗೆ ಸಾಮಾನ್ಯವಾಗಿ ಮೊದಲು ಮಂಡಿ ಮಡಿಚಿ ಅಲುಗಾಡದೆ ಸುಮಾರು 45 ಸೆಕೆಂಡ್ ಭಾರ ಹಿಡಿಯುವುದು, ಆಮೇಲೆ ನಿಧಾನವಾಗಿ ಭಾರ ಎತ್ತುವುದು, ಕೊನೆಗೆ ಜಿಗಿತ, ಹೀಗೆ ತಿಂಗಳುಗಟ್ಟಲೆ ಮಾಡಿಸುತ್ತಾರೆ. ಅವಸರಪಟ್ಟು ನೇರ ಜಿಗಿತಕ್ಕೆ ಹಾರಿದರೆ ಮತ್ತೆ ಸೊನ್ನೆಯಿಂದ ಶುರು.

2012ರಲ್ಲಿ ಸಂಡರ್‌ಲ್ಯಾಂಡ್ ಒಪ್ಪಂದ ಮುಗಿದಾಗ ಗಾರ್ಡನ್ ಮಂಡಿ ಈ ಸ್ಥಿತಿಯಲ್ಲಿತ್ತು. ಎರಡು ವರ್ಷ ಕ್ಲಬ್ಬಿಲ್ಲ. ಸ್ಕಾಟ್ಲೆಂಡಿನ ಡಂಬಾರ್ಟನ್ ಕ್ಲಬ್ಬಿನಲ್ಲಿ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡುತ್ತಿದ್ದರು. 2014ರಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ ಆಡಲು ಕರೆಯಿತು.

ಅಲ್ಲಿ ಎದುರಾದದ್ದು ಬೇರೆಯೇ ಪರೀಕ್ಷೆ, ಅದರ ಬಗ್ಗೆ ಜನ ಮಾತಾಡುವುದೇ ಕಡಿಮೆ. 2016ರಲ್ಲಿ ತಂಡದ ಮ್ಯಾನೇಜರ್ ಆಗಿ ಬಂದ ಬ್ರೆಂಡನ್ ರಾಜರ್ಸ್‌ಗೆ ಕಾಲಲ್ಲಿ ಪಾಸ್ ಕೊಡಬಲ್ಲ ಕೀಪರ್ ಬೇಕಿತ್ತು. ಅಂಥ ಕೀಪರ್ ಆಗಿ ಡೋರಸ್ ಡಿ ವ್ರೀಸ್ ಬಂದರು, ಗಾರ್ಡನ್ ಬೆಂಚಿಗೆ ಹೋದರು. ಕೆಲವೇ ವಾರಗಳಲ್ಲಿ ಜಾಗ ಮರಳಿ ಪಡೆದರು. ಆ ಋತುವಿನಲ್ಲಿ ತಂಡ ದೇಶೀಯ ಪಂದ್ಯ ಒಂದನ್ನೂ ಸೋಲದೆ ಲೀಗ್ ಮತ್ತು ಎರಡು ಕಪ್, ಮೂರೂ ಪ್ರಶಸ್ತಿ ಗೆದ್ದಿತು. ಮೂವತ್ತು ದಾಟಿದ ಮೇಲೆ ಆಟದ ಶೈಲಿಯನ್ನೇ ತಿದ್ದಿಕೊಂಡದ್ದು, ನನಗೆ ಬೋಲ್ಟನ್ ಸೇವ್‌ಗಿಂತ ದೊಡ್ಡದು.

2020ರಲ್ಲಿ ಹಾರ್ಟ್ಸ್‌ಗೆ ಮರಳಿದರು. 2022ರ ಡಿಸೆಂಬರ್ 24ರಂದು ಡಂಡೀ ಯುನೈಟೆಡ್ ವಿರುದ್ಧದ ಡಿಕ್ಕಿಯಲ್ಲಿ ಕಾಲು ಎರಡು ಕಡೆ ಮುರಿಯಿತು. ಆಗ ವಯಸ್ಸು 40 ತುಂಬಲು ಒಂದು ವಾರ ಬಾಕಿ. ಮತ್ತೆ ಆಡಿದ್ದು 2024ರ ಜನವರಿಯಲ್ಲಿ. ಕೀಪರ್ ಓಡುವ ದೂರ ಕಡಿಮೆ, ಸರಿಯಾದ ಜಾಗದಲ್ಲಿ ಮೊದಲೇ ನಿಂತರೆ ಎಷ್ಟೋ ಡೈವ್ ಹಾಕಬೇಕಾಗಿಯೇ ಬರುವುದಿಲ್ಲ. ವಯಸ್ಸಿನ ನಷ್ಟವನ್ನು ತುಂಬುವುದು ಈ ಅನುಭವವೇ. ಕ್ಲಬ್ಬಿನಲ್ಲಿ ಮೊದಲ ಆಯ್ಕೆಯಾಗಿರದಿದ್ದರೂ 2025ರ ನವೆಂಬರ್ 18ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಕ್ರೀಡಾಂಗಣದಲ್ಲಿ ಡೆನ್ಮಾರ್ಕ್ ವಿರುದ್ಧ ಸ್ಕಾಟ್ಲೆಂಡಿನ ಗೋಲ್ ಕಾಯ್ದವರು ಅವರೇ. 4-2 ಗೆಲುವಿನೊಂದಿಗೆ ಸ್ಕಾಟ್ಲೆಂಡ್ 1998ರ ನಂತರ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.