ದುಬೈ ಜಿಮ್‌ನ ಆಫರ್ ಬಂದಿದೆಯಾ? ಕಮಿಷನ್ ಆಮೇಲೆ, ಮೊದಲು ಬೇಸಿಕ್ ನೋಡು

ತಮ್ಮಾ, ನೀನು ಬರೆದದ್ದು ಓದಿದೆ. ವಿಜಯನಗರದ ಜಿಮ್‌ನಲ್ಲಿ ಫ್ಲೋರ್ ಟ್ರೈನರ್ ಆಗಿ ಸೇರಿದವನು ಈಗ ಪಿಟಿ, ಅಂದರೆ ಒಬ್ಬೊಬ್ಬರಿಗೇ ಪರ್ಸನಲ್ ಟ್ರೈನಿಂಗ್, ಮಾಡುತ್ತಿದ್ದೀಯ. ಬೆಳಿಗ್ಗೆ ಎರಡು ಮನೆಗೆ ಹೋಗಿಯೂ ಹೇಳಿಕೊಡುತ್ತೀಯ. ನಾನಿರುವ ದುಬೈನ ಒಂದು ಜಿಮ್‌ನಿಂದ ಆಫರ್ ಬಂದಿದೆ. 2,500 ದಿರ್ಹಂ ಬೇಸಿಕ್, ಅಂದರೆ ತಿಂಗಳ ಮೂಲ ಸಂಬಳ, ಅದರ ಮೇಲೆ ಪಿಟಿ ಸೆಷನ್‌ಗಳ ಕಮಿಷನ್. "ಅಣ್ಣ, ಯಾವ ಕೋರ್ಸ್ ಬೇಕು? ಊಟ, ಬಿಸಿಲು ಹೇಗೆ? ತಿಂಗಳಿಗೆ ಎಷ್ಟು ಉಳಿಯುತ್ತೆ? ಮದುವೆಯಾಗಿ ವರ್ಷ ಆಯ್ತು, ಹೆಂಡತಿನ ಕರ್ಕೊಂಡು ಬರಬಹುದಾ?" ಅಂತ ಕೇಳಿದ್ದೀಯ. ಕೊನೆಯ ಪ್ರಶ್ನೆಯನ್ನೇ ನೀನು ಮೊದಲು ಕೇಳಬೇಕಿತ್ತು. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಊಟದ ಚಿಂತೆ ಬಿಡು. ಕರಾಮಾ, ಬರ್ ದುಬೈ ಕಡೆ ಇದ್ದರೆ ಸೋನಾ ಮಸೂರಿ, ಕರಿಬೇವು ಎಲ್ಲ ಸಿಗುತ್ತದೆ. ಬಿಸಿಲು ಜಾಸ್ತಿನೇ, ಆದರೆ ನಿನ್ನ ಕೆಲಸ ಎಸಿ ಒಳಗೆ.

ಇಲ್ಲಿನ ಜಿಮ್‌ಗಳು ರೆಪ್ಸ್ ಯುಎಇ ಅನ್ನುವ ಟ್ರೈನರ್‌ಗಳ ಪಟ್ಟಿಯಲ್ಲಿ ನೋಂದಣಿ ಕೇಳುತ್ತವೆ. ಎಸಿಇ, ಎನ್‌ಎಎಸ್‌ಎಂ ತರಹ ಹೊರದೇಶದಲ್ಲೂ ಬೆಲೆ ಇರುವ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು. ಎರಡು ಭಾನುವಾರ ಕೂರಿಸಿ ಕೊಡುವ ಕಾಗದ ನಡೆಯಲ್ಲ. ಸಿಪಿಆರ್, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ.

ಈಗ ದುಡ್ಡಿನ ವಿಷಯ. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ನಿಜ. ಒಂದು ಸೆಷನ್‌ಗೆ 200ರಿಂದ 300 ದಿರ್ಹಂ ಕೊಡುವ ಕ್ಲೈಂಟ್‌ಗಳು ಇಲ್ಲಿ ಸಾಮಾನ್ಯ. ಅದರಲ್ಲಿ ನಿನ್ನ ಪಾಲು ಎಷ್ಟು ಅನ್ನುವುದು ಜಿಮ್‌ನಿಂದ ಜಿಮ್‌ಗೆ ಬೇರೆ. ಕ್ಲೈಂಟ್ ಪ್ಯಾಕೇಜ್ ಕೊಂಡ ದಿನ ನಿನಗೆ ದುಡ್ಡು ಬರುತ್ತಾ, ಇಲ್ಲ ಸೆಷನ್ ಮಾಡಿಸಿದ ಮೇಲೆ ಬರುತ್ತಾ, ಕೇಳಿ ತಿಳಿದುಕೋ. ಕೊನೇ ಗಳಿಗೆಯಲ್ಲಿ ಕ್ಲೈಂಟ್ ಬರಲ್ಲ ಅಂದರೆ ಆ ಗಂಟೆ ಯಾರ ಲೆಕ್ಕ ಅಂತಲೂ ಕೇಳು. ಬೆಂಗಳೂರಲ್ಲಿ ಜಿಮ್ ಕೆಲಸ ಮುಗಿಸಿ ಸೈಡಲ್ಲಿ ಮನೆ ಪಿಟಿ ಮಾಡುತ್ತೇವಲ್ಲ, ಆ ರೂಢಿ ಊರಲ್ಲೇ ಬಿಟ್ಟು ಬಾ. ಇಲ್ಲಿ ನಿನ್ನ ವೀಸಾ ಯಾರ ಹೆಸರಲ್ಲಿದೆಯೋ ಅವರ ಕೆಲಸ ಮಾತ್ರ. ಬೇರೆ ಪರ್ಮಿಟ್ ಇಲ್ಲದೆ ಹೊರಗೆ ಟ್ರೈನಿಂಗ್ ಕೊಡುವುದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ವೀಸಾಕ್ಕೇ ಕುತ್ತು.

ನಾನು ಬಂದಿಳಿದದ್ದು ಜೂನ್‌ನಲ್ಲಿ. ಶಾಲೆಗಳಿಗೆ ರಜೆ ಬಂತು. ಪಿಟಿಗೆ ದುಡ್ಡು ಸುರಿಯುವ ಮನೆಗಳೆಲ್ಲ ಬೀಗ ಹಾಕಿಕೊಂಡು ಅವರವರ ದೇಶಕ್ಕೆ ಹೋದವು. ಹಗಲೆಲ್ಲ ಫ್ಲೋರ್‌ನಲ್ಲಿ ಡಂಬೆಲ್ ಜೋಡಿಸುತ್ತಿದ್ದೆ, ಬೆಂಚ್ ಒರೆಸುತ್ತಿದ್ದೆ. ಕೈಗೆ ಬಂದದ್ದು ಬರೀ ಬೇಸಿಕ್. ಬೆಡ್ ಸ್ಪೇಸ್, ಅಂದರೆ ಹಲವರಿರುವ ರೂಮಿನಲ್ಲಿ ಒಂದು ಮಂಚದ ಜಾಗ, ಅದರ ಬಾಡಿಗೆ ಕಟ್ಟಿ, ಮನೆಗೆ ಕಳಿಸಿದರೆ ಖಾಲಿ. ಮತ್ತೆ ಕೈ ತುಂಬಿದ್ದು ಅಕ್ಟೋಬರ್ ಹೊತ್ತಿಗೆ. ಈಗಂತೂ 2017ರಿಂದ ದುಬೈ ಫಿಟ್‌ನೆಸ್ ಚಾಲೆಂಜ್ ನಡೆಯುತ್ತದೆ, 30 ದಿನ, ದಿನಕ್ಕೆ 30 ನಿಮಿಷ. ಆ ಸಮಯಕ್ಕೆ ಊರಿಗೆ ಊರೇ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳುತ್ತದೆ. ಹಾಗಾಗಿ ಬರುವುದಾದರೆ ಸೆಪ್ಟೆಂಬರ್‌ಗೆ ಬಾ. ರಂಜಾನ್ ತಿಂಗಳಲ್ಲಿ ಸೆಷನ್‌ಗಳೆಲ್ಲ ಇಫ್ತಾರ್ ಆದಮೇಲೆ ರಾತ್ರಿಗೆ ಹೋಗುತ್ತವೆ, ಅದಕ್ಕೂ ತಯಾರಿರು.

ಇನ್ನು ನಿನ್ನ ಹೆಂಡತಿಯ ವಿಷಯ. ಎರಡನೇ ವರ್ಷ ನನಗೆ ಒಳ್ಳೆ ಹೆಸರು ಬಂದಿತ್ತು. ಮಂಡಿ ಆಪರೇಷನ್ ಆದವರು, ಹೆರಿಗೆಯಾಗಿ ಸೊಂಟ ನೋವು ಇದ್ದವರು, ಎಲ್ಲರನ್ನೂ ನನ್ನ ಹತ್ತಿರವೇ ಕಳಿಸುತ್ತಿದ್ದರು. ಹನುಮಂತನಗರದ ಹುಡುಗ, ಗರಡಿಯಲ್ಲಿ ಸಾಮು ಮಾಡಿ ಬೆಳೆದವನು, ಇಲ್ಲಿ ಡಾಕ್ಟರ್‌ಗಳೇ ನಂಬಿ ಕಳಿಸುವಷ್ಟು ಆದೆ ಅನ್ನುವ ಹೆಮ್ಮೆ ಇವತ್ತಿಗೂ ಇದೆ. ಕಮಿಷನ್ ಸೇರಿ ಕೆಲವು ತಿಂಗಳು 8,000 ದಿರ್ಹಂ ದಾಟುತ್ತಿತ್ತು. ಹೆಂಡತಿ, ಮಗಳನ್ನು ಕರೆಸಿಕೊಳ್ಳೋಣ ಅಂತ ಕಾಗದಪತ್ರ ಹಿಡಿದು, ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರ್‌ಗೆ ಹೋದೆ. ಕೌಂಟರ್‌ನಲ್ಲಿದ್ದವರು ಕೇರಳದವರು. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕಕ್ಕೆ ಸರಿಸಿದರು. ಅರೇಬಿಕ್, ಇಂಗ್ಲಿಷ್ ಎರಡರಲ್ಲೂ ಇದ್ದ ಕೆಲಸದ ಒಪ್ಪಂದ ತೆಗೆದು, ಸಂಬಳದ ಸಾಲಿನ ಮೇಲೆ ಪೆನ್ ತುದಿ ಇಟ್ಟು ತಲೆ ಅಲ್ಲಾಡಿಸಿದರು. ಅಲ್ಲಿ ಬೇಸಿಕ್ 2,000, ಅಲೋವೆನ್ಸ್ 500 ಅಂತ ಇತ್ತು. ಕಮಿಷನ್ ಅನ್ನುವ ಮಾತೇ ಇರಲಿಲ್ಲ.

ಹೆಂಡತಿ ಮಕ್ಕಳಿಗೆ ಸ್ಪಾನ್ಸರ್ ಆಗಬೇಕಾದರೆ ತಿಂಗಳಿಗೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ಮತ್ತು ಕಂಪನಿ ಕೊಟ್ಟ ವಸತಿ ಇರಬೇಕು. ಕಂಪನಿ ವಸತಿ ಇಲ್ಲದಿದ್ದರೆ ನಿನ್ನ ಹೆಸರಲ್ಲಿ ಎಜಾರಿ, ಅಂದರೆ ಸರ್ಕಾರಿ ನೋಂದಣಿ, ಆದ ಬಾಡಿಗೆ ಕರಾರೂ ಬೇಕು. ಬೆಡ್ ಸ್ಪೇಸ್ ತೋರಿಸಿ ಸಂಸಾರ ತರಲಾಗದು. ಜಿಮ್‌ನವರನ್ನು ಒಪ್ಪಂದ ಬದಲಿಸಿ ಅಂತ ಕೇಳಿದೆ. ಮುಂದಿನ ವರ್ಷ ನೋಡೋಣ ಅಂದರು. ಮರುವರ್ಷವೂ ಅದೇ ಮಾತು. ಕೊನೆಗೆ ಬೇರೆ ಜಿಮ್‌ಗೆ ಹೋಗಿ, ಕಮಿಷನ್ ಕಮ್ಮಿ ಆದರೂ ಸರಿ ಅಂತ ಸಂಬಳ ಜಾಸ್ತಿ ಬರೆಸಿಕೊಂಡೆ. ಆ ಹೊತ್ತಿಗೆ ಮಗಳು ಒಂದನೇ ಕ್ಲಾಸು. ಅವಳು ನಡೆಯಲು ಕಲಿತದ್ದು, ಮಾತಾಡಿದ್ದು ಎಲ್ಲ ನಾನು ಫೋನಲ್ಲೇ ನೋಡಿದ್ದು. ಬಂದ ಹೊಸದರಲ್ಲಿ ಏನೇ ಬೇಕಾದರೂ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದಳು, ನನ್ನನ್ನು ಕೇಳುತ್ತಿರಲಿಲ್ಲ. ಈಗ ಎಲ್ಲ ಸರಿಹೋಗಿದೆ. ಆದರೂ ಕ್ಲೈಂಟ್‌ಗಳು ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಬಂದಾಗ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಬೇಸಿಕ್‌ನ ಕಥೆ ಅಲ್ಲಿಗೇ ಮುಗಿಯಲ್ಲ. ಕೆಲಸ ಬಿಡುವಾಗ ಬರುವ ಗ್ರ್ಯಾಚುಟಿ ಮೊದಲ 5 ವರ್ಷ, ಪ್ರತಿ ವರ್ಷಕ್ಕೆ 21 ದಿನದ ಬೇಸಿಕ್. ನಿನ್ನ 2,500ಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 1,750 ದಿರ್ಹಂ. ನೀನು ಕಮಿಷನ್‌ನಲ್ಲಿ ಎಷ್ಟೇ ದುಡಿದಿರು, ಅಷ್ಟೇ. ಕೆಲಸ ಹೋದರೆ ಇರಲಿ ಅಂತ 2023ರಿಂದ ಕಡ್ಡಾಯ ವಿಮೆ ಇದೆ, ಅದರಲ್ಲಿ ಸಿಗುವುದೂ ಬೇಸಿಕ್‌ನ 60 ಪರ್ಸೆಂಟ್, ಹೆಚ್ಚೆಂದರೆ 3 ತಿಂಗಳು. ನಮ್ಮದು ಮೈ ನಂಬಿದ ಕೆಲಸ. ಭುಜ ಒಂದು ಕೈಕೊಟ್ಟರೆ ಕಮಿಷನ್ ಅವತ್ತೇ ನಿಲ್ಲುತ್ತದೆ, ಆಗ ನಿನ್ನನ್ನು ಕಾಯುವುದು ಕಾಗದದಲ್ಲಿರುವ ಆ ಸಂಬಳ ಮಾತ್ರ.

ಆದ್ದರಿಂದ ಆಫರ್ ಬೇಡ ಅನ್ನಬೇಡ, ಆದರೆ ತಿರುಗಿ ಕೇಳು. ಬೇಸಿಕ್, ಅಲೋವೆನ್ಸ್ ಸೇರಿ 4,000 ಬರೆಯಿರಿ, ಬೇಕಾದರೆ ಕಮಿಷನ್ ಇಳಿಸಿ ಅನ್ನು. ಕಮಿಷನ್ ಲೆಕ್ಕವೂ ಬರಹದಲ್ಲಿ ಬರಲಿ. ಫೋನಲ್ಲಿ ಹೇಳಿದ್ದಕ್ಕೆ ಇಲ್ಲಿ ಬೆಲೆ ಇಲ್ಲ. ವೀಸಾ ಖರ್ಚು ಕಾನೂನಿನ ಪ್ರಕಾರ ಕಂಪನಿಯದು, ನಿನ್ನ ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ಪ್ರೊಬೇಷನ್ 6 ತಿಂಗಳು ಮೀರಬಾರದು. ಪಾಸ್‌ಪೋರ್ಟ್ ಕೊಡು ಅಂದರೆ ಕೊಡಬೇಡ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡು, ಆಮೇಲೆ ಬದಲಿಸೋಣ ಅಂದರಂತೂ ಬರಲೇಬೇಡ.

4,000ಕ್ಕೆ ಒಪ್ಪಲಿಲ್ಲ ಅಂದರೆ ಹೆಂಡತಿ ಜೊತೆ ಕೂತು ಮಾತಾಡು. ಎಷ್ಟು ವರ್ಷ ಬೇರೆ ಇರಬಹುದು ಅನ್ನುವುದನ್ನು ಇಬ್ಬರೂ ಸೇರಿ ತೀರ್ಮಾನ ಮಾಡಿ. ವಿಜಯನಗರದಲ್ಲೇ ಇನ್ನೂ ಎರಡು ಮನೆ ಪಿಟಿ ಹಿಡಿದು, ಸಂಜೆ ಮನೆಗೆ ಹೋಗುವುದೂ ಒಳ್ಳೆ ಬದುಕೇ.

ಒಪ್ಪಂದದ ಕರಡು ಬಂದ ಮೇಲೆ, ಸಹಿ ಹಾಕುವ ಮುಂಚೆ ನನಗೆ ಕಳಿಸು. ಹೆಸರು, ಪಾಸ್‌ಪೋರ್ಟ್ ನಂಬರ್ ಮುಚ್ಚಿ ಸಂಬಳದ ಪುಟ ಮಾತ್ರ ಕಳಿಸಿದರೂ ಸಾಕು. ಮಧ್ಯಾಹ್ನದ ಹೊತ್ತು ನನಗೆ ಕ್ಲೈಂಟ್ ಇರಲ್ಲ, ಆಗಲೇ ನೋಡಿ ಹೇಳುತ್ತೇನೆ.