ಹೆಬ್ಬಾವು ಹೆಣ್ಣು ಹಾವಲ್ಲ

ಪ್ರಶ್ನೆ: ಹೆಬ್ಬಾವು, ಹೆಬ್ಬಾಗಿಲು, ಹೆಬ್ಬೆರಳು ಮೂರರಲ್ಲೂ ‘ಹೆಬ್’ ಇದೆ. ಇದಕ್ಕೇನು ಅರ್ಥ? ಹೆಜ್ಜೇನು, ಹೆಜ್ಜೆ, ಹೆರಿಗೆ ಕೂಡ ಇದೇ ಬಳಗದವೇ?

ಉತ್ತರ: ಚಿಕ್ಕಂದಿನಲ್ಲಿ ನಾನು ಹೆಬ್ಬಾವು ಅಂದ್ರೆ ಹೆಣ್ಣು ಹಾವು ಅಂದುಕೊಂಡಿದ್ದೆ. ಗಂಡಾದರೆ ‘ಗಬ್ಬಾವು’ ಅಲ್ವಾ ಸಾರ್ ಎಂದು ಕೇಳಿ ಇಡೀ ಕ್ಲಾಸನ್ನು ನಗಿಸಿದ್ದೆ. ಮೇಷ್ಟ್ರು ನಗಲಿಲ್ಲ, ಬೋರ್ಡಿನ ಮೇಲೆ ‘ಪೆರ್’ ಎಂದು ಬರೆದರು.

ಹಳಗನ್ನಡದಲ್ಲಿ ಪೆರ್ ಅಂದ್ರೆ ಹಿರಿದು, ದೊಡ್ಡದು. ಪದದ ಮೊದಲ ಪಕಾರ ಮುಂದೆ ಹಕಾರವಾಯಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪೆರ್ ಹೆರ್ ಆಯಿತು. ಕೊನೆಯ ರಕಾರಕ್ಕೆ ಮಾತ್ರ ಸ್ವಂತ ನಿಲುವಿಲ್ಲ. ಪಕ್ಕದಲ್ಲಿ ಯಾರು ಕೂತರೂ ಅವರಂತೆಯೇ ಆಗಿಬಿಡುತ್ತದೆ. ಬಾಗಿಲು ಬಂದರೆ ಹೆಬ್ಬಾಗಿಲು, ಮರ ಬಂದರೆ ಹೆಮ್ಮರ, ಜೇನು ಬಂದರೆ ಹೆಜ್ಜೇನು, ದಾರಿ ಬಂದರೆ ಹೆದ್ದಾರಿ. ಕೃಷ್ಣಾ ನದಿಗೆ ಹಿಂದೆ ಪೆರ್ದೊರೆ, ಅಂದ್ರೆ ಹೆದ್ದೊರೆ ಎಂಬ ಹೆಸರಿತ್ತು. ಪೆರ್ಚು ಎಂಬುದು ಹೆಚ್ಚು ಆದದ್ದೂ, ಪೆರ್ಮೆ ಎಂಬುದು ಹೆಮ್ಮೆ ಆದದ್ದೂ ಹೀಗೇ.

ಹೆಬ್ಬಾವಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಹಾವು ಸೇರಿದರೆ ‘ಹೆಹ್ಹಾವು’ ಆಗಬೇಕಿತ್ತಲ್ಲ, ಬಕಾರ ಎಲ್ಲಿಂದ ಬಂತು? ಈ ಪದ ಹುಟ್ಟಿದಾಗ ಹಾವು ಇನ್ನೂ ‘ಪಾವು’ ಆಗಿತ್ತು. ಪದದ ನಡುವೆ ಸಿಕ್ಕ ಪಕಾರ ಮೆತ್ತಗಾಗಿ ಬಕಾರವಾಯಿತು. ಮೊದಲಲ್ಲಿ ಇರಲಿಲ್ಲವಾದ್ದರಿಂದ ಹಕಾರದ ಗಾಳಿ ಅದಕ್ಕೆ ತಾಕಲಿಲ್ಲ. ಹೆಬ್ಬುಲಿಯೊಳಗೂ ಹಳೆಯ ‘ಪುಲಿ’ ಅಡಗಿ ಕೂತಿದೆ. ಹೆಬ್ಬೆರಳಿನ ಕತೆ ಹಾಗಲ್ಲ, ಅಲ್ಲಿನ ಬಕಾರ ಬೆರಳಿನದೇ.

ಇನ್ನು ಹೆಜ್ಜೆ ಈ ಬಳಗದ್ದಲ್ಲ. ಸಂಸ್ಕೃತದ ‘ಪದ್ಯಾ’ ಪಜ್ಜೆಯಾಗಿ, ಆಮೇಲೆ ಹೆಜ್ಜೆಯಾಯಿತು. ಹೆರಿಗೆ ಅಚ್ಚಕನ್ನಡವೇ, ಆದರೆ ಅದರ ಬೇರು ‘ಪೆಱು’, ಅಂದ್ರೆ ಪಡೆ, ಹೆರು. ಆ ಹಳೆಯ ‘ಱ’ ಈಗ ನಮ್ಮ ಅಕ್ಷರಮಾಲೆಯಲ್ಲಿ ಉಳಿದಿಲ್ಲ. ಅದಕ್ಕೇ ಪೆರ್, ಪೆಱು ಎರಡರಿಂದ ಬಂದ ಪದಗಳೂ ಒಂದೇ ಥರ ಕಾಣುತ್ತವೆ.

ಪ್ರಶ್ನೆ: ಓದು ಬಾರದವರನ್ನು ‘ಹೆಬ್ಬೆಟ್ಟು’ ಅನ್ನುವುದೇಕೆ?

ಉತ್ತರ: ಬೆಟ್ಟು ಅಂದ್ರೆ ಬೆರಳು. ಸಹಿ ಬಾರದವರು ಹೆಬ್ಬೆರಳು ಒತ್ತುತ್ತಿದ್ದರು, ಅದೇ ಬೈಗುಳವೂ ಆಯಿತು. ನಮ್ಮಜ್ಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಉಳಿದ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಪಾಠ ಹೇಳಿದ ನಾನು ಈಗ ಪಡಿತರ ಅಂಗಡಿಯ ಯಂತ್ರಕ್ಕೆ ಒತ್ತುವುದೂ ಅದನ್ನೇ. ಶಾಯಿ ಇಲ್ಲ ಅಷ್ಟೇ.